ನೋಡಿ ಮೆಚ್ಚುವ ಮಾತು



ಮೊಬೈಲಿನಲ್ಲಿ ಫೋಟೊ ಬಂದರೆ ನೈಸ್, ಮಗು ಚಿತ್ರ ಬರೆದು ತೋರಿಸಿದರೆ ನೈಸ್, ಮದುವೆ ಊಟಕ್ಕೂ ನೈಸ್. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯಲ್ಲೂ ಈಗ ಇದೇ ಮೆಚ್ಚುಗೆ. ಈ ಪದದ ಹುಟ್ಟು ಮಾತ್ರ ಬೇರೆ ಥರ. ಲ್ಯಾಟಿನ್ನಿನಲ್ಲಿ ನೆಸ್ಕಿಯಸ್ ಎಂದರೆ ಏನೂ ಅರಿಯದವನು. ಅದು ಫ್ರೆಂಚಿನ ಮೂಲಕ 1300ರ ಆಸುಪಾಸಿನಲ್ಲಿ ಇಂಗ್ಲಿಷಿಗೆ ಬಂದಾಗ ದಡ್ಡ, ಪೆದ್ದ ಎಂಬ ಬೈಗುಳವಾಗಿತ್ತು. ಮುಂದೆ ಅತಿ ನಾಜೂಕು, ಆಮೇಲೆ ಸೂಕ್ಷ್ಮ, ಕರಾರುವಾಕ್ಕು ಎಂದೆಲ್ಲ ಅರ್ಥ ಪಡೆದು, 18ನೇ ಶತಮಾನದಲ್ಲಿ ಹಿತವಾದದ್ದು ಎಂಬಲ್ಲಿಗೆ ಬಂತು. ಕಂಡದ್ದಕ್ಕೆಲ್ಲ ಅದನ್ನೇ ಅನ್ನುವ ಚಾಳಿಯನ್ನು ಜೇನ್ ಆಸ್ಟಿನ್ ತಮ್ಮ ಕಾದಂಬರಿಯೊಂದರ ಪಾತ್ರದ ಬಾಯಲ್ಲಿ ಛೇಡಿಸಿ ಇನ್ನೂರು ವರ್ಷ ದಾಟಿತು.

ನಮ್ಮ ಅಡುಗೆಮನೆ ಆ ಪದದ ಸೂಕ್ಷ್ಮವನ್ನು ಉಳಿಸಿಕೊಂಡಿದೆ. ಹಿಟ್ಟು ನೈಸಾಗಿ ರುಬ್ಬು ಎಂದರೆ ತರಿ ಉಳಿಯಬಾರದು. ಆದರೆ ಒಬ್ಬರನ್ನು ನೈಸ್ ಮಾಡುವುದೆಂದರೆ ಪುಸಲಾಯಿಸಿ ಕೆಲಸ ಸಾಧಿಸಿಕೊಳ್ಳುವುದು. ಬರೀ ಹಿತವಾದ ಮಾತನ್ನು ನಮ್ಮ ಜನ ಸುಲಭಕ್ಕೆ ನಂಬುವುದಿಲ್ಲ.

ನೋಡಿ ತೂಗಿ ಮೆಚ್ಚುವುದನ್ನು ಚನ್ನಗಿರಿಯ ಅಡಿಕೆ ಕಣದಲ್ಲಿ ನೋಡಬೇಕು. ಅನುಭವಸ್ಥರು ಬೊಗಸೆಯಲ್ಲಿ ಅಡಿಕೆ ಎತ್ತಿಕೊಳ್ಳುತ್ತಾರೆ. ಚೊಗರಿನ ಬಣ್ಣ ಹಿಡಿದಿದೆಯೇ, ಬೇಯಿಸಿದ ಹದ ಸರಿಯೇ, ಒಳಗೆ ಹಸಿ ಉಳಿದಿದೆಯೇ ಎಂದು ಒಂದೆರಡು ಒಡೆದು ನೋಡುತ್ತಾರೆ. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಒಂದೊಂದಕ್ಕೂ ಒಂದು ಹೆಸರು, ಒಂದು ಧಾರಣೆ. ಬಣ್ಣ ಚೆನ್ನಾಗಿ ಕೂತಿದೆ, ಒಣಗಿದ್ದು ಸಾಲದು ಎಂದು ಅವರು ಹೇಳಿದರೆ, ಇನ್ನೂ ಬಿಸಿಲಿಗೆ ಹರವಬೇಕೆಂದು ಬೆಳೆಗಾರನಿಗೆ ತಿಳಿಯುತ್ತದೆ. ಹೊನ್ನಾಳಿ, ನ್ಯಾಮತಿ ಕಡೆಯ ಹೋರಿ ಹಬ್ಬದಲ್ಲೂ ಓಟಕ್ಕೆ ಬೇರೆ, ಕೊಂಬಿನ ಅಂದಕ್ಕೆ ಬೇರೆ, ಮೈಕಟ್ಟಿಗೆ ಬೇರೆ ಮೆಚ್ಚುಗೆ. ಮುಗಿಲು ನೋಡುತ್ತ ಕೂರುವ ಜಗಳೂರಿನ ರೈತ ಹದ ಮಳೆ ಆಯಿತು ಎಂದರೆ, ಬಿತ್ತನೆಗೆ ಬೇಕಾದಷ್ಟು ನೆಲ ನೆಂದಿದೆ ಎಂದೇ ಅರ್ಥ.

ಹೊಲದಲ್ಲಿ, ಕಣದಲ್ಲಿ ಇಷ್ಟು ನೋಡಿ ತೂಗಿ ಮಾತಾಡುವ ನಾವು ಮನೆಯೊಳಗೆ ಬಂದ ಮೇಲೆ ಯಾಕೆ ಅವಸರ ಮಾಡುತ್ತೇವೆ? ಮಗು ಕಾಯುವುದು ನಮ್ಮ ಹೊಗಳಿಕೆಗಲ್ಲ, ಅಪ್ಪ ಅಮ್ಮ ತಾನು ಬರೆದದ್ದನ್ನು ನೋಡಿದರೋ ಇಲ್ಲವೋ ಅನ್ನುವುದಕ್ಕೆ. ಇವತ್ತು ಮಗಳು ನೋಟ್‌ಬುಕ್ ಹಿಡಿದು ಬಂದರೆ ಮೊಬೈಲು ಕೆಳಗಿಡಿ. ಹಸುವಿನ ಕಿವಿ ಎಷ್ಟು ಚೆಂದ ಬರೆದಿದ್ದೀಯಮ್ಮ, ಬಾಲ ಸ್ವಲ್ಪ ಗಿಡ್ಡವಾಯಿತು ಅನ್ನಿ. ಮುದ್ದೆ ಗಂಟಿಲ್ಲದೆ ಬಂದಿದ್ದರೆ, ತಿರುವಿದವರ ಎದುರಿಗೇ ಅದನ್ನು ಹೇಳಿ.