ವರಲಕ್ಷ್ಮೀ ಹತ್ತಿ ಮತ್ತು ಸರ್ಕಾರದ ದುಡ್ಡು



ವಿಜ್ಞಾನಕ್ಕೆ ಸರ್ಕಾರ ಹಾಕಿದ ದುಡ್ಡಿನಿಂದ ನಾಡಿಗೆ ಬಂದದ್ದೇನು ಎಂಬ ಪ್ರಶ್ನೆಗೆ ಧಾರವಾಡದಲ್ಲಿ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. 1972ರಲ್ಲಿ ಇಲ್ಲಿನ ಕೃಷಿ ಸಂಶೋಧನಾ ಕೇಂದ್ರದಿಂದ ತಳಿ ವಿಜ್ಞಾನಿ ಬಿ.ಎಚ್. ಕಾತರಕಿಯವರ ವರಲಕ್ಷ್ಮೀ ಹತ್ತಿ ಹೊರಬಂತು. ಅಮೆರಿಕನ್ ಹತ್ತಿಯ ಲಕ್ಷ್ಮೀ ತಳಿಗೆ ಈಜಿಪ್ಟ್ ಹತ್ತಿಯ ಜಾತಿಗೆ ಸೇರಿದ ತಳಿಯೊಂದನ್ನು ಕೂಡಿಸಿ ಪಡೆದ ಹೈಬ್ರಿಡ್ ಅದು. ಈಜಿಪ್ಟ್, ಸುಡಾನ್‌ಗಳಿಂದ ತರಿಸುತ್ತಿದ್ದಂಥ ಉದ್ದ ಎಳೆಯ ಹತ್ತಿ ನಮ್ಮ ಹೊಲದಲ್ಲೇ ಅರಳಿತು. 1981ರಲ್ಲಿ ಅದರ ಹಿಂದೆಯೇ ಡಿಸಿಎಚ್-32, ಅಂದರೆ ಜಯಲಕ್ಷ್ಮೀ ಬಂತು. ಈ ಬೀಜ ತಯಾರಾಗುವ ರೀತಿಯನ್ನೂ ನೋಡಬೇಕು. ಮರುದಿನ ಅರಳಲಿರುವ ಮೊಗ್ಗಿನ ಎಸಳು, ಕೇಸರಗಳನ್ನು ಸಂಜೆ ಉಗುರಿನಿಂದ ಬಿಡಿಸಿ ತೆಗೆಯಬೇಕು. ಬೆಳಿಗ್ಗೆ ಗಂಡು ತಳಿಯ ಹೂವಿನ ಪರಾಗವನ್ನು ಅದರ ಶಲಾಕಾಗ್ರಕ್ಕೆ ಸವರಬೇಕು. ಒಂದೊಂದು ಕಾಯಿಯ ಹಿಂದೆಯೂ ಕೈಕೆಲಸವಿದೆ, ಅದರಲ್ಲಿ ಹೆಚ್ಚಿನದು ಹೆಣ್ಣುಮಕ್ಕಳದು. ಈ ಕ್ರಾಸಿಂಗ್ ಕೆಲಸದ ಕೂಲಿ, ಬೀಜೋತ್ಪಾದಕನ ಆದಾಯ, ಗಿರಣಿಗೆ ಸಿಕ್ಕ ನೂಲು, ಉಳಿದ ವಿದೇಶಿ ವಿನಿಮಯ, ಇವು ಯಾವುವೂ ಸಂಶೋಧನಾ ಕೇಂದ್ರದ ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ. ಅಲ್ಲಿರುವುದು ಖರ್ಚು ಮಾತ್ರ. ನನ್ನ ವಾದದ ತಿರುಳು ಇಷ್ಟೇ: ಖರ್ಚು ಮಾಡಿದವರಿಗೇ ಲಾಭ ಮರಳದ ಕೆಲಸಕ್ಕೆ ಸರ್ಕಾರವೇ ಮುಂದಾಗಬೇಕು.

ಬೀಜದ ಕಂಪನಿಗಳು ಈ ಕೆಲಸ ಮಾಡಲಾರವೇ ಎಂದು ಕೇಳಬಹುದು. ಮಾಡುತ್ತವೆ, ಆದರೆ ಎಲ್ಲಿಂದ ಆರಂಭಿಸುತ್ತವೆ ಎಂಬುದು ಮುಖ್ಯ. ವರಲಕ್ಷ್ಮೀಯ ತಾಯಿಯಾದ ಲಕ್ಷ್ಮೀ ಕೂಡ ಅದಕ್ಕೂ ಹಿಂದಿನ ಸರ್ಕಾರಿ ಸಂಶೋಧನೆಯ ಫಲ. ಇಂಥ ದಶಕಗಳ ತಳಿ ಸಂಗ್ರಹವನ್ನು, ಮಾರಾಟದ ಭರವಸೆಯಿಲ್ಲದ ಪ್ರಯೋಗವನ್ನು ಷೇರುದಾರರ ಹಣದಲ್ಲಿ ಸಾಕುವುದು ಕಷ್ಟ. ಯಶಸ್ವಿ ತಳಿಯನ್ನಷ್ಟೇ ಆಯ್ದು ಲಾಭ ಎಣಿಸುತ್ತಿದ್ದೀರಿ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಹೈಬ್ರಿಡ್ ಮೆಕ್ಕೆಜೋಳದ ಸಂಶೋಧನೆ ಅಮೆರಿಕದ ಸಮಾಜಕ್ಕೆ ವೆಚ್ಚದ ಹಲವು ಪಟ್ಟು ಮರಳಿಸಿತೆಂದು 1958ರಲ್ಲಿ ತೋರಿಸಿದ ಅರ್ಥಶಾಸ್ತ್ರಜ್ಞ ಜ್ವಿ ಗ್ರಿಲಿಕಸ್ ಕೂಡ, ತಾನು ಆರಿಸಿದ್ದು ಗೆದ್ದ ಬೆಳೆಯನ್ನೇ ಎಂದು ಒಪ್ಪಿದ್ದರು. ನಮ್ಮಲ್ಲಿಯೂ ಸೋಲುಂಟು. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯೂ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಕೂಡಿ ರೂಪಿಸಿದ ಬಿಕಾನೇರಿ ನರ್ಮಾ ಬಿಟಿ ಹತ್ತಿಯಲ್ಲಿ ಖಾಸಗಿ ಕಂಪನಿಯ ವಂಶವಾಹಿ ಪತ್ತೆಯಾಗಿ, ಬೀಜ ರೈತರ ಕೈ ಸೇರಿದ ಮೇಲೆ ಅದನ್ನು ನಿಲ್ಲಿಸಬೇಕಾಯಿತು. ಇದನ್ನು ಮುಚ್ಚಿಡಬಾರದು. ಆದರೆ ಇದರಿಂದ ಹೊರಡುವ ತೀರ್ಮಾನ ದುಡ್ಡು ನಿಲ್ಲಿಸಿ ಎಂಬುದಲ್ಲ. ಪರೀಕ್ಷೆ ಬಿಗಿಯಾಗಲಿ, ಹೊಣೆ ಸ್ಪಷ್ಟವಾಗಲಿ ಎಂಬುದು. ಸೋತ ಪ್ರಯೋಗಗಳ ಖರ್ಚನ್ನೂ ಗೆದ್ದವುಗಳ ಲೆಕ್ಕಕ್ಕೇ ಸೇರಿಸೋಣ. ಪ್ರಾಮಾಣಿಕ ಲೆಕ್ಕ ಅದೇ.

ಶಾಲೆ, ಆಸ್ಪತ್ರೆಗಳಿಗೇ ಹಣ ಸಾಲದಿರುವಾಗ ಸಂಶೋಧನೆಗೇಕೆ ಎಂಬ ಮಾತಿನ ಹಿಂದಿರುವ ಕಳಕಳಿಯನ್ನು ನಾನು ಗೌರವಿಸುತ್ತೇನೆ. ಆದರೆ 2020-21ರಲ್ಲಿ ಭಾರತ ಸಂಶೋಧನೆ ಮತ್ತು ಅಭಿವೃದ್ಧಿಗೆ ಮಾಡಿದ ಒಟ್ಟು ವೆಚ್ಚ, ಖಾಸಗಿಯವರದೂ ಸೇರಿ, ಜಿಡಿಪಿಯ ಶೇ. 0.64 ಮಾತ್ರ. ಅದನ್ನು ಕಡಿದು ಶಾಲೆ ಕಟ್ಟುವೆವೆಂಬುದು ದೊಡ್ಡ ಉಳಿತಾಯವಲ್ಲ. ಇನ್ನು, ಸಂಶೋಧನೆಗೆ ಹಣ ನೀಡಲು ಕೇಂದ್ರ ಸರ್ಕಾರ ಸ್ಥಾಪಿಸಿದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ 2023ರಿಂದ 2028ರವರೆಗೆ ಅಂದಾಜಿಸಿದ 50,000 ಕೋಟಿ ರೂಪಾಯಿಯಲ್ಲಿ 36,000 ಕೋಟಿ ಸರ್ಕಾರೇತರ ಮೂಲಗಳಿಂದ ಬರಬೇಕು. ನನ್ನ ಆತಂಕ ಇಲ್ಲಿದೆ. ದಾನಿಯ, ಉದ್ಯಮಿಯ ಹಣ ಅವರಿಗೆ ಬೇಕಾದ ಪ್ರಶ್ನೆಯನ್ನು ಹುಡುಕಿಕೊಂಡು ಹೋಗುತ್ತದೆ. ಎರಿ ಹೊಲದಲ್ಲಿ ಮಳೆ ನಂಬಿ ಬಿತ್ತುವವನ ಪ್ರಶ್ನೆಗೆ, ರಾಜ್ಯ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಅದರಲ್ಲಿ ಪಾಲೆಷ್ಟು, ಅದು ಒಂದು ಹಂಗಾಮಿಗಲ್ಲದೆ ತಳಿಯೊಂದು ಹೊರಬರುವಷ್ಟು ವರ್ಷ ಸಿಗುವುದು ಹೇಗೆ? ಇಂದಿನ ಗೋಷ್ಠಿಗಳು ಮೊದಲು ಇದನ್ನೇ ಕೈಗೆತ್ತಿಕೊಳ್ಳಲಿ ಎಂದು ಕೋರುತ್ತೇನೆ.