ಟಿರೆಲ್ ಪಿ34: ಮುಂದೆ ನಾಲ್ಕು, ಹಿಂದೆ ಎರಡು

ರೇಸ್ ಕಾರಿನ ಬಗ್ಗೆ ಮಾತಾಡಿ ಅಂದಾಗ ಗೆದ್ದು ಗೆದ್ದು ದಣಿದ ಕಾರನ್ನು ಆರಿಸಿಕೊಳ್ಳಬಹುದಿತ್ತು. ನಾನು ಆರಿಸಿಕೊಂಡದ್ದು ತನ್ನ ಎರಡು ವರ್ಷದ ಆಯುಷ್ಯದಲ್ಲಿ ಒಂದೇ ಒಂದು ಗ್ರ್ಯಾನ್ ಪ್ರಿ ಗೆದ್ದ ಟಿರೆಲ್ ಪಿ34 ಎಂಬ ಕಾರನ್ನು. ಅದಕ್ಕಿದ್ದದ್ದು ಆರು ಚಕ್ರ: ಮುಂದೆ ನಾಲ್ಕು ಪುಟ್ಟವು, ಹಿಂದೆ ಎರಡು ದೊಡ್ಡವು. ಚಿತ್ರ ನೋಡಿದವರು ಮೊದಲು ನಗುತ್ತಾರೆ. ನಗಲಿ, ಆದರೆ ಅದರ ಹಿಂದಿನ ಲೆಕ್ಕಾಚಾರ ಮಾತ್ರ ತಮಾಷೆಯದಲ್ಲ.

ಕೆನ್ ಟಿರೆಲ್ ಇಂಗ್ಲೆಂಡಿನವರು, ಮರದ ವ್ಯಾಪಾರಿ. ಅವರ ಫಾರ್ಮುಲಾ ಒನ್ ತಂಡ ಬೆಳೆದದ್ದೂ ಸರ್ರೆಯಲ್ಲಿದ್ದ ಅವರ ಟಿಂಬರ್ ಯಾರ್ಡಿನಲ್ಲೇ. ಅಲ್ಲಿ ಡೆರೆಕ್ ಗಾರ್ಡ್ನರ್ ರೂಪಿಸಿದ ಕಾರುಗಳಲ್ಲಿ ಜಾಕಿ ಸ್ಟೀವರ್ಟ್ 1971ರಲ್ಲೂ 1973ರಲ್ಲೂ ವಿಶ್ವ ಚಾಂಪಿಯನ್ ಆದರು. ಸ್ಟೀವರ್ಟ್ ನಿವೃತ್ತರಾದ ಮೇಲೆ ಗಾರ್ಡ್ನರ್‌ಗೆ ಒಂದು ಚಿಂತೆ ಹತ್ತಿತು. ಬಹುಪಾಲು ಬ್ರಿಟಿಷ್ ತಂಡಗಳದ್ದು ಅದೇ ಮೂರು ಲೀಟರಿನ ಕಾಸ್‌ವರ್ತ್ ಎಂಜಿನ್, ಅದೇ ಹ್ಯೂಲ್ಯಾಂಡ್ ಗೇರ್‌ಬಾಕ್ಸ್, ಅದೇ ಗುಡ್‌ಇಯರ್ ಟೈರು. ಎಲ್ಲರ ಸಾಮಾನೂ ಒಂದೇ ಆದರೆ ಮುಂದೆ ಹೋಗುವುದು ಹೇಗೆ?

ಗಾರ್ಡ್ನರ್ ಕಣ್ಣು ಬಿದ್ದದ್ದು ಮುಂದಿನ ಚಕ್ರಗಳ ಮೇಲೆ. ಫಾರ್ಮುಲಾ ಒನ್ ಕಾರುಗಳಲ್ಲಿ ಚಕ್ರಗಳು ಬಾಡಿಯ ಹೊರಗೆ ಬರಿಮೈಯಲ್ಲಿ ನಿಂತಿರುತ್ತವೆ. ಗಂಟೆಗೆ 250 ಕಿಲೋಮೀಟರ್ ವೇಗದಲ್ಲಿ ಮುಂದಿನ ಟೈರುಗಳು ಗಾಳಿಗೆ ಎದೆಯೊಡ್ಡಿ ಕಾರನ್ನು ತಡೆಯುತ್ತವೆ, ಜೊತೆಗೆ ಮೂತಿಯನ್ನು ಮೇಲಕ್ಕೆತ್ತಲು ನೋಡುತ್ತವೆ. ಮೂತಿಯ ಅಗಲ 150 ಸೆಂಟಿಮೀಟರ್ ಮೀರಬಾರದೆಂಬ ನಿಯಮವಿತ್ತು. ಅಷ್ಟು ಅಗಲದ ಮೂತಿಯ ಮರೆಗೆ ಟೈರುಗಳು ಬರಬೇಕಾದರೆ ಅವು ತೀರಾ ಚಿಕ್ಕವಾಗಬೇಕು. ಹಾಗಾಗಿ 13 ಇಂಚಿನ ರಿಮ್ ಬದಲು 10 ಇಂಚಿನದು. ಆದರೆ ಚಿಕ್ಕ ಟೈರು ನೆಲಕ್ಕೆ ಊರುವ ಜಾಗವೂ ಚಿಕ್ಕದು. ತಿರುವಿನಲ್ಲಿ ಹಿಡಿತ ಸಾಲದು. ಸರಿ, ಒಂದು ಜೋಡಿ ಸಾಲದಿದ್ದರೆ ಎರಡು ಜೋಡಿ ಹಾಕೋಣ ಎಂದರು ಗಾರ್ಡ್ನರ್.

ನಮ್ಮ ಹೆದ್ದಾರಿಯ ಹನ್ನೆರಡು ಚಕ್ರದ ಲಾರಿಗಳಲ್ಲಿ ಮುಂದಿನ ಎರಡು ಆಕ್ಸಲ್‌ಗಳೂ ಸ್ಟೀರಿಂಗಿಗೆ ಹೊರಳುವುದನ್ನು ನೀವು ನೋಡಿರುತ್ತೀರಿ. ಇಲ್ಲೂ ಹಾಗೇ, ನಾಲ್ಕೂ ಚಕ್ರ ಹೊರಳುತ್ತಿದ್ದವು. ಒಂದು ಜೋಡಿಗೆ ಸ್ಟೀರಿಂಗ್ ನೇರವಾಗಿ, ಇನ್ನೊಂದಕ್ಕೆ ಸರಳುಗಳ ಮೂಲಕ. ಆದರೆ ಚಾಲಕನ ಕಣ್ಣಿಗೆ ಆ ಪುಟ್ಟ ಚಕ್ರಗಳು ಕಾಣುತ್ತಲೇ ಇರಲಿಲ್ಲ! ಹಾಗಾಗಿ ಕಾಕ್‌ಪಿಟ್ಟಿನ ಪಕ್ಕಗಳಲ್ಲಿ ಪಾರದರ್ಶಕ ಕಿಟಕಿ ಕೊರೆದರು. 1975ರ ಸೆಪ್ಟೆಂಬರಿನಲ್ಲಿ ಪತ್ರಕರ್ತರ ಮುಂದೆ ಕಾರನ್ನು ತಂದಾಗ, ಗುಟ್ಟು ರಟ್ಟಾಗದಿರಲೆಂದು, ಹೊದಿಕೆಯ ಕೆಳಗೆ ಬಳೆಯಂಥ ಕಮಾನುಗಳನ್ನಿಟ್ಟು ದೊಡ್ಡ ಟೈರುಗಳಿರುವಂತೆ ಉಬ್ಬಿಸಿದ್ದರು. ಹೊದಿಕೆ ಸರಿದಾಗ ಇದೇನೋ ಪ್ರಚಾರದ ಗಿಮಿಕ್ ಎಂದುಕೊಂಡವರೇ ಹೆಚ್ಚು.

1976ರ ಮೇ ತಿಂಗಳಲ್ಲಿ ಸ್ಪೇನಿನಲ್ಲಿ ಕಾರು ಮೊದಲ ರೇಸಿಗಿಳಿಯಿತು. ತಂಡದ ಚಾಲಕ ಪ್ಯಾಟ್ರಿಕ್ ಡೆಪಾಯೆ ಅರ್ಹತಾ ಸುತ್ತಿನಲ್ಲಿ ಮೂರನೆಯವರಾದರು, ರೇಸ್ ಮಾತ್ರ ಮುಗಿಸಲಿಲ್ಲ. ಅದೇ ತಿಂಗಳ ಕೊನೆಗೆ ಮೊನಾಕೊದಲ್ಲಿ ತಂಡದ ಇನ್ನೊಬ್ಬ ಚಾಲಕ ಜೋಡಿ ಶೆಕ್ಟರ್ ಎರಡನೆಯವರು, ಡೆಪಾಯೆ ಮೂರನೆಯವರು. ಜೂನ್ 13ರಂದು ಸ್ವೀಡನ್ನಿನ ಆಂಡರ್‌ಸ್ಟೋರ್ಪ್‌ನಲ್ಲಿ ಶೆಕ್ಟರ್ ಅರ್ಹತಾ ಸುತ್ತಿನಲ್ಲಿ ಮೊದಲಿಗರಾಗಿ ಪೋಲ್ ಪಡೆದರು. ಆರಂಭದಲ್ಲೇ ಮುನ್ನುಗ್ಗಿದ ಎದುರಾಳಿ ಮಾರಿಯೋ ಆಂಡ್ರೆಟ್ಟಿಗೆ ಸ್ಟಾರ್ಟ್‌ನಲ್ಲಿ ಆತುರಪಟ್ಟದ್ದಕ್ಕೆ ಒಂದು ನಿಮಿಷದ ದಂಡ ಬಿತ್ತು, ಆಮೇಲೆ ಅವರ ಎಂಜಿನ್ನೇ ಕೈಕೊಟ್ಟಿತು. ಶೆಕ್ಟರ್ ಗೆದ್ದರು, ಹಿಂದೆಯೇ ಡೆಪಾಯೆ. ಎರಡು ವರ್ಷದ ಹಿಂದೆ, ಇದೇ ಟ್ರ್ಯಾಕಿನಲ್ಲಿ, ನಾಲ್ಕು ಚಕ್ರದ ಟಿರೆಲ್‌ನಲ್ಲಿ ಇದೇ ಇಬ್ಬರು ಇದೇ ಕ್ರಮದಲ್ಲಿ ಮುಗಿಸಿದ್ದರು ಎಂಬುದು ಇನ್ನೊಂದು ಸ್ವಾರಸ್ಯ. ವರ್ಷದ ಕೊನೆಗೆ ಚಾಲಕರ ಪಟ್ಟಿಯಲ್ಲಿ ಶೆಕ್ಟರ್ ಮೂರನೆಯ, ಡೆಪಾಯೆ ನಾಲ್ಕನೆಯ ಸ್ಥಾನದಲ್ಲಿದ್ದರು. ಗಿಮಿಕ್ ಇಷ್ಟು ದೂರ ಬರುವುದಿಲ್ಲ.

ನಿಜ, ಎಣಿಸಿದ್ದೆಲ್ಲ ಕೈಗೂಡಲಿಲ್ಲ. ಹಿಂದಿನ ಟೈರುಗಳು ಮೊದಲಿನಷ್ಟೇ ದೊಡ್ಡವಾದ್ದರಿಂದ ನೇರ ದಾರಿಯಲ್ಲಿ ನಿರೀಕ್ಷಿಸಿದಷ್ಟು ವೇಗ ಬರಲಿಲ್ಲ. ಲಾಭವಾದದ್ದು ತಿರುವಿನ ಬಾಯಿಯಲ್ಲಿ. ಆದರೆ ಪುಟ್ಟ ಚಕ್ರದೊಳಗೆ ಪುಟ್ಟ ಬ್ರೇಕ್ ಡಿಸ್ಕ್. ಅದನ್ನು ತಣ್ಣಗಿಡುವುದೇ ಮೆಕ್ಯಾನಿಕ್‌ಗಳಿಗೆ ದೊಡ್ಡ ಪಾಡು. ಶೆಕ್ಟರ್‌ಗಂತೂ ಕಾರು ಹಿಡಿಸಲೇ ಇಲ್ಲ, ವರ್ಷದ ಕೊನೆಗೆ ತಂಡ ಬಿಟ್ಟರು. ಡೆಪಾಯೆಗೆ ಮಾತ್ರ ಅದರ ಮೇಲೆ ಮೊದಲಿನಿಂದಲೂ ಪ್ರೀತಿ.

ಕಾರನ್ನು ಮುಳುಗಿಸಿದ್ದು ಟೈರು. 10 ಇಂಚಿನ ಟೈರು ಬೇಕಿದ್ದದ್ದು ಇಡೀ ಸ್ಪರ್ಧೆಯಲ್ಲಿ ಒಂದು ತಂಡಕ್ಕೆ ಮಾತ್ರ. ಗುಡ್‌ಇಯರ್ ಉಳಿದ ತಂಡಗಳ ಟೈರುಗಳನ್ನು ಸುಧಾರಿಸುತ್ತಾ ಹೋಯಿತು, ಟಿರೆಲ್‌ನ ಹಿಂದಿನ ಟೈರುಗಳಿಗೂ ಅದರ ಫಲ ಸಿಕ್ಕಿತು. ಮುಂದಿನ ಪುಟ್ಟವು ಹಿಂದುಳಿದವು. ಹಿಂಭಾಗಕ್ಕೆ ಹಿಡಿತ, ಮುಂಭಾಗಕ್ಕೆ ಇಲ್ಲ: ಸ್ಟೀರಿಂಗ್ ತಿರುಗಿಸಿದರೂ ಕಾರು ನೇರ ಹೋಗಲು ಹಟಮಾಡುತ್ತಿತ್ತು. 1977ರಲ್ಲಿ ಇದನ್ನು ಸರಿಪಡಿಸಲು ಮುಂದಿನ ಎಡ-ಬಲ ಚಕ್ರಗಳ ನಡುವಿನ ಅಂತರ ಹಿಗ್ಗಿಸಿದರು. ಆಗ ಚಕ್ರಗಳು ಮೂತಿಯ ಮರೆಯಿಂದ ಹೊರಗೆ ಇಣುಕಿದವು. ಯಾವ ಉದ್ದೇಶಕ್ಕೆ ಆರು ಚಕ್ರ ಮಾಡಿದ್ದರೋ ಆ ಉದ್ದೇಶವೇ ಅಲ್ಲಿಗೆ ಹೋಯಿತು. ತೂಕವೂ ಏರಿತು. ರಾನಿ ಪೀಟರ್ಸನ್‌ರಂಥ ಚುರುಕು ಚಾಲಕ ಬಂದರೂ ಆ ವರ್ಷ ಒಂದು ಗೆಲುವೂ ಇಲ್ಲ. ಗಾರ್ಡ್ನರ್ ಫಾರ್ಮುಲಾ ಒನ್ನನ್ನೇ ಬಿಟ್ಟರು. 1978ರಲ್ಲಿ ಡೆಪಾಯೆ ಮೊನಾಕೊದಲ್ಲಿ ತಮ್ಮ ಮೊದಲ ಗ್ರ್ಯಾನ್ ಪ್ರಿ ಗೆದ್ದದ್ದು ನಾಲ್ಕು ಚಕ್ರದ ಟಿರೆಲ್ 008ರಲ್ಲಿ.

ಆರು ಚಕ್ರದ ಆಸೆ ಅಲ್ಲಿಗೆ ಸಾಯಲಿಲ್ಲ. ಮಾರ್ಚ್ ಮತ್ತು ವಿಲಿಯಮ್ಸ್ ತಂಡಗಳು ಹಿಂದೆ ನಾಲ್ಕು ಚಕ್ರವಿಟ್ಟು ಪರೀಕ್ಷಿಸಿದವು. 1983ರ ನಿಯಮ ನಾಲ್ಕಕ್ಕಿಂತ ಹೆಚ್ಚು ಚಕ್ರ ಕೂಡದು ಎಂದಿತು. ಅದಾದ ಎಷ್ಟೋ ವರ್ಷಕ್ಕೆ, ಹಳೆಯ ಕಾರುಗಳ ರೇಸಿಗಾಗಿ ಏವನ್ ಕಂಪನಿ 10 ಇಂಚಿನ ಹೊಸ ಟೈರುಗಳನ್ನು ತಯಾರಿಸಿಕೊಟ್ಟಿತು. ಅವನ್ನು ತೊಡಿಸಿದ ಪಿ34ರಲ್ಲಿ ಮಾರ್ಟಿನ್ ಸ್ಟ್ರೆಟನ್ ಆ ಕಾರಿನ ಕಾಲದ ನಾಲ್ಕು ಚಕ್ರದ ಕಾರುಗಳನ್ನೆಲ್ಲ ಹಿಂದೆ ಹಾಕಿ ಗೆದ್ದರು.