ಔಷಧದ ಕಿಟಕಿಯ ಕೆಲಸಕ್ಕೆ ಅಳತೆ ಯಾವುದು?
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಪಾಳಿ ಮುಗಿಸಿ ಆಸ್ಪತ್ರೆಗೆ ಹೋಗಿ, ಔಷಧದ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತಾಗ ನಾವೆಲ್ಲ ಆಡುವ ಮಾತು ಒಂದೇ: "ಈ ಕಂಪೌಂಡರಿಗೆ ಕೈಯೇ ಓಡುವುದಿಲ್ಲ." ಬೇಗ ಕೊಟ್ಟವರು ಒಳ್ಳೆಯವರು, ತಡಮಾಡಿದವರು ಸೋಮಾರಿಗಳು. ದಿನಕ್ಕೆ ಎಷ್ಟು ಚೀಟಿ ತೀರಿತೆಂದು ಮಾತ್ರ ನೋಡುವ ಮೇಲಧಿಕಾರಿಗಳೂ ಉಂಟು. ಈ ಅಳತೆ ಸರಿಯೇ?

ಗಿರಣಿಯಲ್ಲಿ ಬಟ್ಟೆಯ ಉದ್ದವನ್ನಷ್ಟೇ ನೋಡುವುದಿಲ್ಲ, ನೇಯ್ಗೆಯ ದೋಷವನ್ನೂ ನೋಡುತ್ತಾರೆ. ಹೋಟೆಲಿನಲ್ಲಿ ಎಷ್ಟೇ ಚುರುಕಾಗಿ ಓಡಾಡಿದರೂ, ಇಡ್ಲಿ ಕೇಳಿದವರಿಗೆ ವಡೆ ಇಟ್ಟರೆ ಗಿರಾಕಿ ಸುಮ್ಮನಿರುವನೇ? ವಡೆಯನ್ನಾದರೂ ಬದಲಿಸಬಹುದು, ನುಂಗಿದ ಮಾತ್ರೆಯನ್ನು ಬದಲಿಸಲಾಗದು. ಕೀಲುವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ವಾರಕ್ಕೊಮ್ಮೆ ತೆಗೆದುಕೊಳ್ಳುವ ಔಷಧ. ತಿಳಿಯದೆ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಅದನ್ನು ಬಿಡಿಸಿ ಹೇಳಲು ತಗಲುವ ಅರ್ಧ ನಿಮಿಷವನ್ನು ಸೋಮಾರಿತನವೆನ್ನೋಣವೇ?

ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲಿ ಪ್ರಕಟಿಸಿದ ಅಳತೆಗಳಲ್ಲಿ ನಾಲ್ಕು ಈ ಕಿಟಕಿಗೆ ಸಂಬಂಧಿಸಿವೆ. ಔಷಧ ಕೊಡುವಾಗ ರೋಗಿಗೆ ಎಷ್ಟು ಸಮಯ ಕೊಟ್ಟರು? ಬರೆದ ಔಷಧಗಳಲ್ಲಿ ಎಷ್ಟು ನಿಜವಾಗಿ ಸಿಕ್ಕವು? ಪೊಟ್ಟಣದ ಮೇಲೆ ಸರಿಯಾಗಿ ಬರೆದಿತ್ತೇ? ತೆಗೆದುಕೊಳ್ಳುವ ಕ್ರಮ ರೋಗಿಗೆ ತಿಳಿದಿದೆಯೇ? ಈ ಕೊನೆಯದೇ ಮುಖ್ಯವೆಂದು ನಮ್ಮ ಅಭಿಪ್ರಾಯ. ನಮ್ಮ ದೇಶದ 2015ರ ಫಾರ್ಮಸಿ ವೃತ್ತಿ ನಿಯಮಗಳೂ ರೋಗಿಗೆ ತಿಳಿಯಹೇಳುವುದು ಫಾರ್ಮಸಿಸ್ಟರ ಕೆಲಸವೆಂದಿವೆ.

ಇಲ್ಲಿ ನ್ಯಾಯದ ಮಾತೂ ಒಂದಿದೆ. ಔಷಧವೇ ಬಂದಿರದಿದ್ದರೆ ಅದು ಕಿಟಕಿಯಲ್ಲಿ ಕುಳಿತವರ ತಪ್ಪಲ್ಲ, ತರಿಸಬೇಕಾದವರದು. ಮೂವರ ಕೆಲಸವನ್ನು ಒಬ್ಬರ ತಲೆಗೆ ಕಟ್ಟಿ, "ತಿಳಿಯಹೇಳಲಿಲ್ಲ" ಎಂದು ದೂರುವುದೂ ಸಲ್ಲದು. ಮಗ್ಗ ಕೆಟ್ಟದ್ದಕ್ಕೆ ನಮ್ಮ ಕೂಲಿ ಹಿಡಿದರೆ ನಾವು ಒಪ್ಪುತ್ತೇವೆಯೇ? ಅವರೂ ನಮ್ಮಂತೆ ದುಡಿಯುವವರೇ. ಆಸ್ಪತ್ರೆಯ ಆಡಳಿತಕ್ಕೆ ಮನವಿ ಕೊಡುವಾಗ, ಕಿಟಕಿಗೆ ಇನ್ನಷ್ಟು ಜನ ಬೇಕೆಂದೂ ನಾವು ಕೇಳಬೇಕು.

ನಮ್ಮ ಪಾಲಿನ ಕೆಲಸವೂ ಇದೆ. ನಮ್ಮಲ್ಲಿ ಹಲವರಿಗೆ ಪೊಟ್ಟಣದ ಮೇಲಿನ ಬರಹ ಓದಲು ಬಾರದು. ನಾಚಿಕೊಂಡು ತಲೆಯಾಡಿಸಿ ಬಂದುಬಿಡುತ್ತೇವೆ. ಹಾಗೆ ಮಾಡಬಾರದು. ಯಾವುದಕ್ಕೆ, ಎಷ್ಟು, ಯಾವಾಗ, ಎಷ್ಟು ದಿನ ಎಂದು ಕೇಳಬೇಕು. ಕೇಳಿದ್ದನ್ನು ಅವರೆದುರೇ ತಿರುಗಿ ಹೇಳಿ ಖಚಿತ ಮಾಡಿಕೊಳ್ಳಬೇಕು. ಮುಂದೆ ನಿಂತವರು ಹೀಗೆ ಕೇಳುತ್ತಿದ್ದರೆ ಹಿಂದೆ ನಿಂತ ನಾವು ಗೊಣಗದಿರೋಣ. ನಾಳೆ ಆ ಜಾಗದಲ್ಲಿ ನಾವೇ ನಿಂತಿರುತ್ತೇವೆ.